ಅತ್ತೆ ಬರುವ ರಾಗ

ಬಾಗಿಲು ಬಡಿದ ಸದ್ದಿಗೆ ಅಜುಬುಯಿಕೆ ಕುಳಿತಲ್ಲಿಂದಲೇ ಉತ್ತರ ಕೊಟ್ಟ.

"ಲಾರಿ ಇಲ್ಲ. ಮರಳು ಬೇಕಿದ್ರೆ ಸೇತುವೆ ಹತ್ರ ಹೋಗಿ ಕೇಳಿ."

ಹೊರಗಿದ್ದವರು ಹೋಗಲಿಲ್ಲ. ಮತ್ತೆ ಬಡಿದರು.

"ಇಟ್ಟಿಗೆಗೂ ಇಲ್ಲ, ಸಿಮೆಂಟಿಗೂ ಇಲ್ಲ. ಲಾರಿ ಅನ್ನೋದೇ ಇಲ್ಲ ಈ ಮನೇಲಿ."

"ನಂಗೆ ಲಾರಿ ಬೇಡ ಡ್ಯಾಡಿ," ಎಂದಿತು ಒಂದು ಹೆಣ್ಣು ದನಿ. "ಅತ್ತೆ ರಾಗ ಬೇಕು."

ಅವನು ಎದ್ದು ಬಾಗಿಲು ತೆಗೆದ.

ಲಾರಿಯ ಕಾಟ ಮೂವತ್ತು ವರ್ಷದ್ದು. ಅವನ ಮೊದಲ ಸಿನಿಮಾಕ್ಕೆ ಹೆಸರುಗಳನ್ನು ಬೆರಳಚ್ಚು ಮಾಡಿದವನು ಓನಿಚಾ ಪೇಟೆಯ ಕ್ಯಾಸೆಟ್ ಅಂಗಡಿಯವನು. ಸೌಂಡ್ ಟ್ರ್ಯಾಕ್ ಎಂದು ಇರಬೇಕಾದಲ್ಲಿ ಅವನು ಸೌಂಡ್ ಟ್ರಕ್ ಎಂದು ಹೊಡೆದ. ಮುಂದಿನ ಸಿನಿಮಾದವರು ಅದನ್ನೇ ನೋಡಿ ಇಳಿಸಿಕೊಂಡರು, ಅದರ ಮುಂದಿನವರು ಇವರನ್ನು ನೋಡಿ. ಇನ್ನೂರ ಹನ್ನೆರಡು ಸಿನಿಮಾಗಳಲ್ಲಿ 'ಸೌಂಡ್ ಟ್ರಕ್: ಅಜುಬುಯಿಕೆ ನ್ವೊಕೆಡಿ' ಎಂದೇ ಬಂತು. ಮೂರನೆಯ ಸಿನಿಮಾದ ಹೊತ್ತಿಗೆ ಅಸಾಬಾ ಊರಿಗೆಲ್ಲ ಅವನು ಓಗಾ ಟ್ರಕ್, ಅಂದರೆ ಟ್ರಕ್ ಯಜಮಾನ, ಆಗಿದ್ದ. ನಿರ್ಮಾಪಕನೊಬ್ಬ ಉಪಕಾರ ಮಾಡುವೆನೆಂದು ಹೆಸರಿನ ಕೆಳಗೆ ಫೋನ್ ನಂಬರನ್ನೂ ಹಾಕಿಸಿದ. ಅಂದಿನಿಂದ ಮನೆ ಕಟ್ಟುವವರೆಲ್ಲ ಅವನನ್ನು ಹುಡುಕಿಕೊಂಡು ಬರತೊಡಗಿದರು.

ಬಂದವಳ ಹೆಸರು ಮೊರೆನಿಕೆ. ಮಗಳೇನಲ್ಲ, ಆ ಕಡೆ ವಯಸ್ಸಾದವರೆಲ್ಲ ಡ್ಯಾಡಿಗಳೇ. ಲಾಗೋಸಿನವಳು, ಇಪ್ಪತ್ತೆಂಟರ ಆಸುಪಾಸು. ಬೆನ್ನ ಮೇಲೆ ಅವಳಷ್ಟೇ ದೊಡ್ಡ ಚೀಲ.

"ನಮ್ಮದು ಸಣ್ಣ ಕಂಪನಿ ಡ್ಯಾಡಿ. ಹಾಡಿನ ಕಪ್ಪು ತಟ್ಟೆ ಮಾಡ್ತೀವಿ."

"ಗ್ರಾಮಫೋನ್ ತಟ್ಟೆಯಾ? ಅದು ಸತ್ತು ಎಷ್ಟು ಕಾಲ ಆಯ್ತು?"

"ಈಗ ಎದ್ದು ಕೂತಿದೆ."

"ಯಾವ ಪಾಸ್ಟರ್ ಎಬ್ಬಿಸಿದ?"

ಅವಳು ನಕ್ಕು ವಿಷಯ ಹೇಳಿದಳು. ಅವನು ಮೊದಲಿನಿಂದ ಕೊನೆಯವರೆಗೆ ಮಾಡಿದ ಸಿನಿಮಾ ಸಂಗೀತದಲ್ಲಿ ಆಯ್ದದ್ದನ್ನೆಲ್ಲ ಸೇರಿಸಿ ಎರಡು ತಟ್ಟೆಗಳ ಒಂದು ಆಲ್ಬಮ್ ಮಾಡಬೇಕು. ಎಲ್ಲವೂ ಕೀಬೋರ್ಡಿನಲ್ಲಿ ಹುಟ್ಟಿದ ಸಂಗೀತ. ದೆವ್ವ ಬರುವುದು, ಗುಡುಗು ಬರುವುದು, ಹಳ್ಳಿಯ ಹುಡುಗಿ ನಗರ ನೋಡಿ ಬೆರಗಾಗುವುದು, ಎಲ್ಲ.

"ಯಾರು ಕೇಳ್ತಾರೆ ಇದನ್ನ?"

"ಗಡ್ಡ ಬಿಟ್ಟ ಹುಡುಗರು ಡ್ಯಾಡಿ. ಲಾಗೋಸಲ್ಲಿದ್ದಾರೆ, ಬರ್ಲಿನ್ನಲ್ಲೂ ಇದ್ದಾರೆ."

"ಬರ್ಲಿನ್ನಲ್ಲಿ ಅತ್ತೆಯರಿಲ್ವಾ?"

"ಅತ್ತೆಯರಿದ್ದಾರೆ. ರಾಗ ಇಲ್ಲ."

ಅತ್ತೆ ರಾಗ ಹುಟ್ಟಿದ್ದು ಅವನ ಮೂರನೆಯ ಸಿನಿಮಾದಲ್ಲಿ. ಅತ್ತೆ ಸೆರಗಿನ ಗಂಟಿನಿಂದ ವಿಷದ ಪೊಟ್ಟಣ ತೆಗೆದು ಬಟ್ಟಲಿಗೆ ಸುರಿಯುವಾಗ ಹಿಂದಿನಿಂದ ಒಂದು ದನಿ ಬಂತು. ದಪ್ಪಗೆ, ನಿಧಾನಕ್ಕೆ, ನೆಲದ ಕೆಳಗಿನಿಂದ ಯಾರೋ ಅತ್ತ ಹಾಗೆ. ಆಮೇಲೆ ಯಾವ ನಿರ್ಮಾಪಕ ಬಂದರೂ "ಇಲ್ಲಿ ಅತ್ತೆ ಬರ್ತಾಳೆ, ಅದನ್ನ ಹಾಕು" ಎನ್ನತೊಡಗಿದ. ಅರವತ್ತೊಂದು ಸಿನಿಮಾಗಳಲ್ಲಿ ಅತ್ತೆ ಬಂದಳು, ಅರವತ್ತೊಂದರಲ್ಲೂ ಯಾರೋ ಒಬ್ಬರು ಕುಡಿದು ಸತ್ತರು. ಕೊನೆಕೊನೆಗೆ ಅಸಾಬಾದಿಂದ ಆಬಾದವರೆಗೆ ಟಿವಿಯಲ್ಲಿ ಆ ದನಿ ಕೇಳಿದರೆ ನೋಡುತ್ತಿದ್ದವರೂ ಕೈಯಲ್ಲಿದ್ದ ಲೋಟ ಕೆಳಗಿಡುತ್ತಿದ್ದರು.

"ಆಲ್ಬಮ್ ಶುರುವಾಗೋದೇ ಅದರಿಂದ," ಎಂದಳು ಮೊರೆನಿಕೆ. "ಆದರೆ ಬರೀ ರಾಗ ಬೇಕು. ಅರವತ್ತೊಂದೂ ನೋಡಿದೆ ಡ್ಯಾಡಿ. ಎಲ್ಲದರಲ್ಲೂ ಯಾರಾದರೂ ಕಿರುಚ್ತಾರೆ. ಒಂದರಲ್ಲಿ ಕಿರುಚಲ್ಲ, ಕೆಮ್ತಾರೆ."

"ಅದು ನಿರ್ಮಾಪಕ. ನನ್ನ ಹಿಂದೇನೇ ನಿಂತಿದ್ದ."

ಅವರು ಕೆಲಸ ಮಾಡುತ್ತಿದ್ದದ್ದೇ ಹಾಗೆ. ಸಿನಿಮಾ ಓಡುತ್ತಿರುವಾಗ ಅವನು ಎದುರು ಕುಳಿತು ನುಡಿಸಬೇಕು, ನುಡಿಸಿದ್ದು ನೇರ ಆ ಸಿನಿಮಾದ ಮೇಲೆಯೇ ಬೀಳಬೇಕು. ಬೇರೆ ಟೇಪಿಗೆ ತೆಗೆದಿಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಮೂರು ದಿನಕ್ಕೊಂದು ಸಿನಿಮಾ.

ಮೊರೆನಿಕೆ ಚೀಲದಿಂದ ಕಂಪ್ಯೂಟರ್ ತೆಗೆದಳು. ಅದರಲ್ಲಿ ಸಾವಿರಾರು ದನಿಗಳಿದ್ದವು. ಒಂದು ಗಂಟೆ ತಡಕಾಡಿ, ಅತ್ತೆ ರಾಗಕ್ಕೆ ಹತ್ತಿರದ್ದೊಂದನ್ನು ಮಾಡಿ ಕೇಳಿಸಿದಳು.

"ಇದು ನೆಗಡಿಯಾದ ಮೇಕೆ," ಎಂದ ಅಜುಬುಯಿಕೆ.

ಇನ್ನೊಂದು ಕೇಳಿಸಿದಳು.

"ಮೇಕೆಗೆ ವಾಸಿಯಾಗಿದೆ."

"ಡ್ಯಾಡಿ, ಕೇಳೋರಿಗೆ ಇಷ್ಟು ವ್ಯತ್ಯಾಸ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತೆ."

ಯಾಕೆ ಗೊತ್ತಾಗುತ್ತದೆ ಎಂದು ಅವನು ಹೇಳಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಆ ದಿನಗಳಲ್ಲಿ ಅವನ ಬಳಿ ದನಿ ಹಿಡಿಯುವ ಕೀಬೋರ್ಡೊಂದಿತ್ತು. ಮೈಕಿನ ಮುಂದೆ ಏನು ಸದ್ದಾದರೂ ಎರಡು ಮೂರು ಸೆಕೆಂಡಿನಷ್ಟನ್ನು ಹಿಡಿದು ಫ್ಲಾಪಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಬಲತುದಿಯ ಕೀ ಒತ್ತಿದರೆ ಸದ್ದು ಇದ್ದ ಹಾಗೇ ಬರುತ್ತದೆ. ಎಡಕ್ಕೆ ಬಂದಷ್ಟೂ ನಿಧಾನವಾಗಿ, ದಪ್ಪವಾಗಿ, ಗುರುತು ಸಿಗದಂತಾಗುತ್ತದೆ. ಒಂದು ಮಧ್ಯಾಹ್ನ ಅವನು ಬಾಗಿಲಿನ ಕಿರುಗುಟ್ಟುವಿಕೆಯನ್ನು ಹಿಡಿಯಲು ಮೈಕು ಹಾಕಿ ಕುಳಿತಿದ್ದ. ಮೂರನೆಯ ಸಲ ಊಟಕ್ಕೆ ಕರೆಯಲು ಬಂದ ಅವನ ಹೆಂಡತಿ ಉಜೋಅಮಾಕಾ ಅದೇ ಬಾಗಿಲನ್ನು ದೂಡಿಕೊಂಡು ಬಂದು ಕೂಗಿದಳು: "ಓಗಾ ಟ್ರಕ್, ಬಂದು ಉಣ್ಣು, ಸಾರು ಆರಿ ಹೋಗ್ತಿದೆ."

ಕೀಬೋರ್ಡು ಅದನ್ನು ಹಿಡಿಯಿತು. ಅವನು ತಮಾಷೆಗೆ ಎಡತುದಿಯ ಕೀ ಒತ್ತಿ ನೋಡಿದ. ಮೈ ಜುಮ್ಮೆಂದಿತು. ಮರುದಿನವೇ ಅದನ್ನು ಸಿನಿಮಾಕ್ಕೆ ಹಾಕಿದ. ಇಡೀ ನಾಡು ಬೆಚ್ಚಿ ಕೂತಾಗ ಉಜೋಅಮಾಕಾ ಅಡುಗೆ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನ ಸಾರಿಗೆ ಇಷ್ಟು ಜನ ಹೆದರೋದಾ," ಎಂದಳು.

ಅವಳು ಹೋಗಿ ಹನ್ನೆರಡು ವರ್ಷವಾಗಿತ್ತು. ಜ್ವರ ಎಂದು ಮಲಗಿದವಳು ನಾಲ್ಕನೆಯ ದಿನ ಇರಲಿಲ್ಲ. ಫೋಟೋಗಳಿದ್ದವು, ಸೀರೆಯಷ್ಟು ಉದ್ದದ ಅವಳ ಸೊಂಟದ ಬಟ್ಟೆಗಳಿದ್ದವು. ಇನ್ನೂರ ಹನ್ನೆರಡು ಸಿನಿಮಾಗಳ ಸದ್ದು ಹಿಡಿದವನ ಮನೆಯಲ್ಲಿ ಅವಳ ಮಾತು ಎಲ್ಲೂ ಇರಲಿಲ್ಲ, ಆ ಫ್ಲಾಪಿಯಲ್ಲಿ ಬಿಟ್ಟರೆ. ತಿಂಗಳು ತುಂಬುವ ಮೊದಲೇ ಅವನು ಕೀಬೋರ್ಡನ್ನು ಇಬುಸಾ ಊರಿನ ಚರ್ಚಿಗೆ ಕೊಟ್ಟುಬಿಟ್ಟ. ಹೊಸದು ತಗೊಂಡಿದ್ದೇನೆ ಎಂದು ಸುಳ್ಳು ಹೇಳಿದ. ಆ ಹಳೆಯದರ ಎದುರು ಕೂತರೆ ಬೆರಳು ಬಲತುದಿಗೇ ಹೋಗುತ್ತಿತ್ತು, ಹೋಗಿ ಅಲ್ಲೇ ನಿಲ್ಲುತ್ತಿತ್ತು.

ಈಗ ಈ ಹುಡುಗಿ ಮೇಕೆಗಳನ್ನು ತಂದು ಕೇಳಿಸುತ್ತಿದ್ದಳು.

"ಇಬುಸಾಕ್ಕೆ ಹೋಗೋಣ," ಎಂದ.

ಶನಿವಾರ ಹೋದರು. ಚರ್ಚಿನಲ್ಲಿ ಕೀಬೋರ್ಡಿಗೆ ಲೇಸಿನ ಹೊದಿಕೆ ಹಾಕಿತ್ತು, ಪಕ್ಕದಲ್ಲಿ ಅದನ್ನು ನುಡಿಸುವ ಸಿಸ್ಟರ್ ಒಗೊನ್ನಾ ಕಾವಲು ನಿಂತಿದ್ದಳು. ಐವತ್ತರ ಹೆಂಗಸು, ಎರಡು ಮೊಣಕೈಗೂ ಪಟ್ಟಿ ಕಟ್ಟಿಕೊಂಡಿದ್ದಳು.

"ಓಗಾ ಟ್ರಕ್, ಇಷ್ಟು ವರ್ಷಕ್ಕೆ ದಾರಿ ಗೊತ್ತಾಯ್ತಾ? ಲಾರಿಲೇ ಬಂದ್ರಾ?"

"ಬಸ್ಸಲ್ಲಿ ಬಂದೆ ಸಿಸ್ಟರ್. ಇದು ಹೇಗಿದೆ?"

"ನನ್ನ ಹಾಗೇ ಇದೆ. ಎದ್ದರೆ ಕೂರಲ್ಲ, ಕೂತರೆ ಏಳಲ್ಲ." ಅವಳು ಹೊದಿಕೆ ಸರಿಸಿದಳು. ಫ್ಲಾಪಿ ತನ್ನ ಗೂಡಿನಲ್ಲಿ ಸಿಕ್ಕಿಕೊಂಡು, ಅರ್ಧ ಹಲ್ಲಿನಂತೆ ಹೊರಗೆ ಕಾಣುತ್ತಿತ್ತು. "ಅದನ್ನ ಎಳೆಯೋ ಹಾಗಿಲ್ಲ, ಮುರಿಯುತ್ತೆ. ಆನ್ ಮಾಡಿದಾಗ ಇಲಿ ಕೆರೆದ ಹಾಗೆ ಕೆರೆಯುತ್ತೆ. ಹೋದ ಭಾನುವಾರ ಒಂಬತ್ತನೇ ಸಲಕ್ಕೆ ಎದ್ದಿದ್ದು. ದಿನಕ್ಕೊಂದೇ ಸಲ ಎಬ್ಬಿಸೋದು, ಅದೂ ಪ್ರಾರ್ಥನೆ ಮಾಡಿ."

ಮೊದಲ ಗುಂಡಿಯ ಮೇಲೆ ಕಪ್ಪು ಟೇಪು ಅಂಟಿಸಿತ್ತು.

"ಇದೇನು?" ಎಂದು ಕೇಳಿದಳು ಮೊರೆನಿಕೆ.

"ಅದು ಅತ್ತೆ. ಎದ್ದ ತಕ್ಷಣ ಮೊದಲು ಬರೋದು ಅವಳೇ, ಉಳಿದವು ಆಮೇಲೆ. ಒಂದ್ಸಲ ಸುಗ್ಗಿಯ ಭಾನುವಾರ ತಪ್ಪಿ ನನ್ನ ಕೈ ಬಿತ್ತು ಮಗಳೇ. ಮುಂದಿನ ಸಾಲಲ್ಲಿದ್ದ ಮುದುಕ ಎದ್ದು ನಿಂತು, ತಮ್ಮನ ಜಮೀನಿನ ಗಡಿಕಲ್ಲು ಸರಿಸಿದ್ದು ನಾನೇ ಅಂದ. ಇನ್ನೂ ಕೇಸು ನಡೀತಿದೆ."

ಅಜುಬುಯಿಕೆ ಬಂದ ಕಾರಣ ಹೇಳಿದ. ಒಗೊನ್ನಾ ತಲೆಯಾಡಿಸಿದಳು.

"ಇವತ್ತು ಮಮಾ ಸೋಲುಚಿ ಮಗಳ ಹೆಂಡ ಹೊರುವ ಶಾಸ್ತ್ರ. ಕೀಬೋರ್ಡು ಅಲ್ಲಿಗೆ ಹೋಗ್ತಿದೆ. ಅಲ್ಲಿ ಏಳುತ್ತಲ್ಲ, ಆಗ ನಿಮ್ಮ ದನಿ ತಗೊಳ್ಳಿ. ಆದರೆ ನನ್ನ ಕೈಗೆ ಆಗಲ್ಲ. ನುಡಿಸೋದು ನೀವೇ."

"ಮದುವೇಲಿ ಅತ್ತೆ ರಾಗವಾ?"

"ಊಟ ಆಗಿ ಜನ ಖಾಲಿ ಆದ ಮೇಲೆ, ಸ್ಪೀಕರ್ ತೆಗೆದು, ಸದ್ದಿಲ್ಲದೆ ತಗೊಳ್ಳಿ. ಅಲ್ಲಿವರೆಗೆ ಟೇಪು ತೆಗೆದರೆ ನಿಮ್ಮನ್ನ ನಾನೇ ತೆಗೀತೀನಿ."

ಮದುವೆ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಒಂದು ಪಕ್ಕದಲ್ಲಿ ಊಟದ ಮೇಜು: ಕುಟ್ಟಿದ ಗೆಣಸಿನ ಮುದ್ದೆ, ಜೊಲ್ಲೊಫ್ ಅನ್ನ, ಮೂರು ಬಗೆಯ ಸಾರು, ಎಲ್ಲದರ ಮೇಲೂ ಹಬೆಯಾಡುತ್ತಿತ್ತು. ಶಾಸ್ತ್ರ ಮುಗಿಯದೆ ಯಾರೂ ಮುಟ್ಟುವಂತಿರಲಿಲ್ಲ. ಶಾಸ್ತ್ರವೆಂದರೆ ಹುಡುಗಿ ತಾಳೆ ಹೆಂಡದ ಬಟ್ಟಲು ಹಿಡಿದು ಜನರ ನಡುವೆ ಹುಡುಕುತ್ತ ಹೋಗಿ, ತಾನು ಒಪ್ಪಿದವನ ಕೈಗೆ ಕೊಡಬೇಕು. ಅವನು ಕುಡಿದರೆ ಮದುವೆಯಾದಂತೆ.

ಹುಡುಗಿಯ ತಾಯಿ, ಮಗಳ ಹೆಸರಿನಿಂದಲೇ ಮಮಾ ಸೋಲುಚಿ ಎನಿಸಿಕೊಂಡವಳು, ತಲೆಗೆ ಬಾಗಿಲಿನಷ್ಟು ಅಗಲದ ರುಮಾಲು ಸುತ್ತಿ ಮುಂದೆ ಕುಳಿತಿದ್ದಳು. ಹುಡುಗ ಕೆನೆ, ಮೊಬೈಲ್ ರಿಪೇರಿ ಮಾಡುವವನು. ಎರಡು ವರ್ಷ ಇವನು ಬೇಡವೇ ಬೇಡ ಎಂದು ಹಟ ಹಿಡಿದಿದ್ದ ಆಕೆ ಹೋದ ತಿಂಗಳು ತಟ್ಟನೆ ಒಪ್ಪಿದ್ದಳು. ಒಪ್ಪಿದ್ದು ಯಾಕೆ ಎಂದು ಹುಡುಗನ ಕಡೆಯವರಿಗೆ ಇನ್ನೂ ತಿಳಿದಿರಲಿಲ್ಲ.

ಕೀಬೋರ್ಡು ಆರನೆಯ ಸಲಕ್ಕೆ ಎದ್ದಿತು. ಮೊರೆನಿಕೆ ಅದರ ಬೆನ್ನಿಗೆ ತಂತಿ ಸಿಕ್ಕಿಸಿ, ದನಿ ಮುದ್ರಿಸುವ ತನ್ನ ಬ್ಯಾಟರಿ ಪೆಟ್ಟಿಗೆಗೆ ಜೋಡಿಸಿದಳು. ಅಜುಬುಯಿಕೆ ನಾಲ್ಕನೆಯ ಗುಂಡಿಯ ತುತ್ತೂರಿ ದನಿ ಹಾಕಿ ಕುಣಿತದ ಹಾಡುಗಳನ್ನು ನುಡಿಸಿದ. ಬಲತುದಿಯ ಕೀ ಕಡೆಗೆ ನೋಡಲಿಲ್ಲ.

ಮದುಮಗಳು ಸೋಲುಚಿ ಬಟ್ಟಲು ಹಿಡಿದು ಹೊರಟಳು. ಹಾದಿಯ ಎರಡೂ ಕಡೆ ಗಂಡಸರು ಕೈಚಾಚಿದರು. "ಇಲ್ಲಿ ಕೊಡು ಮಗಳೇ, ನಂಗೂ ಮೊಬೈಲ್ ರಿಪೇರಿ ಬರುತ್ತೆ." "ಅವನ ಹತ್ರ ಚಾರ್ಜರ್ ಒಂದೇ ಇರೋದು, ನನ್ನ ಹತ್ರ ಮನೆ ಇದೆ." ಅವಳು ನಗುತ್ತ ದಾಟಿ, ಕೆನೆಯ ಮುಂದೆ ಮಂಡಿಯೂರಿ ಬಟ್ಟಲು ಎತ್ತಿ ಕೊಟ್ಟಳು.

ಕರೆಂಟು ಹೋಯಿತು.

ಜನರೇಟರು ಕೆಮ್ಮಿ ಹಿಡಿದುಕೊಳ್ಳಲು ಒಂದು ನಿಮಿಷವಾಯಿತು. ಕೀಬೋರ್ಡು ಕರಕರ ಕೆರೆಯಿತು. ಕೆಂಪು ದೀಪ ಹತ್ತಿತು. ಮೊದಲ ಸಲಕ್ಕೇ ಎದ್ದಿತಲ್ಲ ಎಂದು ಅಜುಬುಯಿಕೆ ಉಸಿರು ಬಿಡುವಷ್ಟರಲ್ಲಿ ಮೈಕು ಹಿಡಿದವನು ಕೂಗಿದ: "ಕುಡಿಯಪ್ಪ ಅಳಿಯ. ಓಗಾ ಟ್ರಕ್, ಸಂಗೀತ."

ಕೈ ತಾನಾಗಿಯೇ ಕೀಗಳ ಮೇಲೆ ಇಳಿಯಿತು. ನಾಲ್ಕನೆಯ ಗುಂಡಿ ಒತ್ತಬೇಕೆಂಬುದು ಆಮೇಲೆ ನೆನಪಾಯಿತು.

ಆರು ಸ್ಪೀಕರುಗಳಿಂದ ಅತ್ತೆ ಬಂದಳು.

ಬಟ್ಟಲು ಕೆನೆಯ ತುಟಿಯ ಹತ್ತಿರ ನಿಂತಿತು. ಶಾಮಿಯಾನದ ಕೆಳಗೆ ಕೈಯಲ್ಲಿ ಲೋಟ ಇದ್ದವರೆಲ್ಲ ಲೋಟ ಕೆಳಗಿಟ್ಟರು. ಮುನ್ನೂರು ತಲೆಗಳು ಒಟ್ಟಿಗೆ ಮಮಾ ಸೋಲುಚಿಯ ಕಡೆ ತಿರುಗಿದವು.

"ಯಾಕೆ ನಿಲ್ಲಿಸಿದೆ?" ಎಂದಳು ಆಕೆ.

"ಏನಿಲ್ಲ ಮಮಾ," ಎಂದ ಕೆನೆ. ಬಟ್ಟಲಿನೊಳಗೆ ಇಣುಕಿದ. "ಸ್ವಲ್ಪ ಬಿಸಿ ಅನಿಸ್ತು."

"ತಾಳೆ ಹೆಂಡ ಬಿಸಿನಾ?"

ಹುಡುಗನ ದೊಡ್ಡಪ್ಪ ಎದ್ದು ನಿಂತ. "ತಂಗಿ, ತಪ್ಪು ತಿಳೀಬೇಡ. ಕೊಡೋರು ಮೊದಲು ಒಂದು ಗುಟುಕು ಕುಡಿಯೋದು ನಮ್ಮಲ್ಲಿ ಪದ್ಧತಿ."

"ಪದ್ಧತಿ ಇದ್ದಿದ್ರೆ ಬಟ್ಟಲು ನನ್ನ ಮಗಳ ಕೈಲಿದ್ದಾಗ ಹೇಳ್ಬೇಕಿತ್ತು. ಈಗ ಹೇಳಿದ್ರೆ ಅದರ ಅರ್ಥ ಬೇರೆ."

"ಅರ್ಥ ಹೇಳಿದ್ದು ನಾವಲ್ಲ. ಸ್ಪೀಕರು."

ಹುಡುಗಿಯ ಕಡೆಯವರೂ ಎದ್ದರು. ಸೋಲುಚಿ ಮಂಡಿಯೂರಿದ್ದಲ್ಲೇ ಒಮ್ಮೆ ಅಮ್ಮನನ್ನೂ ಒಮ್ಮೆ ಕೆನೆಯನ್ನೂ ನೋಡುತ್ತಿದ್ದಳು. ಮಮಾ ಸೋಲುಚಿ ಕೀಬೋರ್ಡಿನ ಕಡೆಗೇ ನಡೆದು ಬಂದಳು. ರುಮಾಲು ಬಿಸಿಲನ್ನು ಮರೆಮಾಡಿತು.

"ನೀನೇ ಅಲ್ವಾ ಆ ಟ್ರಕ್? ನನ್ನ ಅತ್ತೆ ಕೊಟ್ಟ ನೀರನ್ನ ನಾನು ಆರು ತಿಂಗಳು ಕುಡೀಲಿಲ್ಲ, ನಿನ್ನ ದೆಸೆಯಿಂದ. ಪಾಪದ ಹೆಂಗಸು, ದೇವರಂಥವಳು. ಈಗ ನನ್ನ ಅಳಿಯನಿಗೂ ಅದೇ ಕಲಿಸ್ತಿದ್ದೀಯಾ? ಸರಿಮಾಡು."

ಅಜುಬುಯಿಕೆ ನಾಲ್ಕನೆಯ ಗುಂಡಿ ಒತ್ತಿದ. ಬರಲಿಲ್ಲ. ಐದು, ಆರು, ಎಲ್ಲ ಒತ್ತಿದ. ಫ್ಲಾಪಿ ಒಂದನ್ನೇ ಓದಿ ಅಲ್ಲಿಗೇ ನಿಂತುಬಿಟ್ಟಿತ್ತು. ಈಗ ಕೀಬೋರ್ಡಿನಲ್ಲಿ ಇದ್ದದ್ದು ಅದೊಂದೇ. ಯಾವ ಕೀ ಒತ್ತಿದರೂ ಅತ್ತೆ.

ಒಂದು ಕೀ ಬಿಟ್ಟು.

ಹನ್ನೆರಡು ವರ್ಷದಿಂದ ಅದನ್ನು ಒತ್ತದೇ ಇದ್ದದ್ದಕ್ಕೆ ಅವನ ಬಳಿ ಒಂದೇ ಕಾರಣವಿತ್ತು. ಒತ್ತಿ, ಅಲ್ಲಿ ಬರೀ ಕರಕರ ಕೇಳಿದರೆ ಆಮೇಲೆ ಅವಳು ಎಲ್ಲೂ ಇರುವುದಿಲ್ಲ. ಒತ್ತದಿದ್ದರೆ, ಇದ್ದಾಳೆ ಎಂದುಕೊಳ್ಳಬಹುದು. ಅವನು ಮೊರೆನಿಕೆಯ ಕಡೆ ನೋಡಿದ. ಅವಳ ಪೆಟ್ಟಿಗೆಯಲ್ಲಿ ಸಣ್ಣ ಹಸಿರು ದೀಪ ಉರಿಯುತ್ತಿತ್ತು. ಊಟದ ಮೇಜಿನ ಮೇಲೆ ಹಬೆ ಕಡಿಮೆಯಾಗುತ್ತಿತ್ತು.

ಒತ್ತಿದ.

"ಓಗಾ ಟ್ರಕ್, ಬಂದು ಉಣ್ಣು, ಸಾರು ಆರಿ ಹೋಗ್ತಿದೆ."

ಬಾಗಿಲು ದೂಡಿದ ಸದ್ದೂ ಇತ್ತು. ಸಿಟ್ಟೂ ಇತ್ತು, ಅರ್ಧ ನಗುವೂ ಇತ್ತು. ಆರು ಸ್ಪೀಕರುಗಳಿಂದ ಇಡೀ ಇಬುಸಾಕ್ಕೆ ಕೇಳುವಷ್ಟು ಜೋರಾಗಿ ಉಜೋಅಮಾಕಾ ಅವನನ್ನು ಊಟಕ್ಕೆ ಕರೆದಳು.

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಅದು ಸಾಲಿನಿಂದ ಸಾಲಿಗೆ ಹತ್ತಿಕೊಂಡು ಮುಂದೆ ಬಂತು.

"ಯಾರವಳು?" ಎಂದಳು ಮಮಾ ಸೋಲುಚಿ.

"ನನ್ನ ಹೆಂಡತಿ," ಎಂದ ಅಜುಬುಯಿಕೆ. ಎಡತುದಿಯ ಕೀ ಒತ್ತಿದ, ಅತ್ತೆ ಗುಂಯ್ ಎಂದಳು. ಬಲತುದಿಯದನ್ನು ಒತ್ತಿದ, ಸಾರು ಆರಿ ಹೋಗುತ್ತಿತ್ತು. "ಎರಡೂ ಇವಳೇ. ಇದನ್ನ ನಿಧಾನ ಮಾಡಿದರೆ ಅದು. ಅಷ್ಟೂ ಸಿನಿಮಾದಲ್ಲಿ ಯಾರೂ ಅಳಲಿಲ್ಲ ಮಮಾ. ಊಟಕ್ಕೆ ಕರೀತಿದ್ಳು."

ಮಮಾ ಸೋಲುಚಿ ರುಮಾಲು ಹಿಂದಕ್ಕೆ ಸರಿಸಿದಳು.

"ಎಲ್ಲಿದ್ದಾಳೆ ಈಗ?"

ಅವನು ಕೀಬೋರ್ಡಿನ ಮೇಲೆ ಕೈಯಿಟ್ಟ. ಆಕೆ ತಿರುಗಿ ನಡೆದು, ಅಳಿಯನ ಕೈಯಿಂದ ಬಟ್ಟಲು ಕಿತ್ತುಕೊಂಡು ಅರ್ಧ ಗಟಗಟ ಕುಡಿದು, ಉಳಿದದ್ದನ್ನು ಮಗಳ ಕೈಗೆ ಕೊಟ್ಟಳು.

"ತಗೋ, ಇನ್ನೊಂದ್ಸಲ ಕೊಡು. ಈಗಲೂ ಕುಡೀದಿದ್ರೆ ಪೊಟ್ಟಣ ನಿಜವಾಗ್ಲೂ ತರ್ತೀನಿ."

ಕೆನೆ ಒಂದೇ ಗುಟುಕಿಗೆ ಮುಗಿಸಿದ. ದೊಡ್ಡಪ್ಪ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಜನ ಊಟದ ಮೇಜಿಗೆ ನುಗ್ಗಿದರು, ನುಗ್ಗುವಾಗ ಒಬ್ಬರನ್ನೊಬ್ಬರು "ಬಂದು ಉಣ್ಣು, ಸಾರು ಆರಿ ಹೋಗ್ತಿದೆ" ಎಂದು ಕರೆದರು. ಸಂಜೆಯೊಳಗೆ ಅದು ಊರಿನ ಮಾತಾಗಿತ್ತು. ಸಿಸ್ಟರ್ ಒಗೊನ್ನಾ ತಟ್ಟೆಯೊಂದನ್ನು ತಂದು ಕೀಬೋರ್ಡಿನ ಪಕ್ಕದಲ್ಲಿಟ್ಟು, ಕರ್ಚೀಫಿನಿಂದ ಮೂಗು ಒರೆಸಿಕೊಂಡಳು.

"ನಾನು ಅವಳ ಬಾಯಿಗೆ ಟೇಪು ಅಂಟಿಸಿದ್ದೆನಲ್ಲ ಓಗಾ," ಎಂದಳು.

"ಅವಳ ಗಂಡನಿಗೇ ಆಗದ ಕೆಲಸ ಸಿಸ್ಟರ್, ನೀವು ಮಾಡಿದ್ರಿ."

ಜನರೇಟರಿನ ಡೀಸೆಲ್ ಮುಗಿದಾಗ ಕೀಬೋರ್ಡು ಆರಿತು. ಮರುದಿನ ಒಗೊನ್ನಾ ಹನ್ನೊಂದು ಸಲ ಪ್ರಾರ್ಥಿಸಿ ಹನ್ನೊಂದು ಸಲ ಆನ್ ಮಾಡಿದಳು. ಅದು ಮತ್ತೆ ಏಳಲಿಲ್ಲ. ಆದರೆ ಮದುವೆಯ ದಿನವಿಡೀ ಮೊರೆನಿಕೆ ತನ್ನ ಪೆಟ್ಟಿಗೆಯನ್ನು ಆರಿಸಿಯೇ ಇರಲಿಲ್ಲ. ತಂತಿಯಲ್ಲಿ ನೇರ ಬಂದದ್ದರಿಂದ ಕಿರುಚಾಟವಿಲ್ಲ, ಕೆಮ್ಮಿಲ್ಲ. ಎಡತುದಿಯೂ ಸಿಕ್ಕಿತ್ತು, ಬಲತುದಿಯೂ. ಬಸ್ ನಿಲ್ದಾಣದಲ್ಲಿ ಕುಳಿತು ಅವನ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದಳು. ಅವನು ಇನ್ನೊಂದು ಸಲ ಎಂದ. ಆಮೇಲೆ ಇನ್ನೊಂದು ಸಲ. ಎರಡು ಬಸ್ಸು ಹೋದವು.

ನಾಲ್ಕು ತಿಂಗಳ ಮೇಲೆ ಆಲ್ಬಮ್ಮಿನ ಹೊದಿಕೆಯ ಮಾದರಿ ಹಿಡಿದು ಅವಳು ಮತ್ತೆ ಬಂದಳು. ಆಲ್ಬಮ್ ಅತ್ತೆಯಿಂದ ಶುರುವಾಗಿ, ಎರಡನೆಯ ತಟ್ಟೆಯ ಕೊನೆಗೆ ಊಟಕ್ಕೆ ಕರೆಯುವುದರೊಂದಿಗೆ ಮುಗಿಯುತ್ತಿತ್ತು. 'ದನಿ: ಉಜೋಅಮಾಕಾ ನ್ವೊಕೆಡಿ.' ಅವನು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದ. ಸರಿಯಾಗಿತ್ತು. ಅದರ ಕೆಳಗೆ: 'ಸೌಂಡ್ ಟ್ರಕ್: ಅಜುಬುಯಿಕೆ ನ್ವೊಕೆಡಿ.'

ಮೊರೆನಿಕೆ ತಲೆ ಚಚ್ಚಿಕೊಂಡಳು. "ಪ್ರೆಸ್ಸಿನವರು ನಿಮ್ಮ ಹಳೇ ಸಿನಿಮಾ ನೋಡಿ ಇಳಿಸಿಕೊಂಡಿದ್ದಾರೆ ಡ್ಯಾಡಿ. ಇವತ್ತೇ ತಿದ್ದಿಸ್ತೀನಿ."

"ಬೇಡ, ಇರಲಿ ಬಿಡು," ಎಂದ ಅವನು. "ಅವಳು ಕರೀತಾ ಇರೋದು ಯಾರನ್ನ ಅಂತ ಬರ್ಲಿನ್ನಿನವರಿಗೆ ಗೊತ್ತಾಗ್ಬೇಕಲ್ಲ."

ಒಲೆಯ ಮೇಲಿನ ಸಾರನ್ನು ಇಳಿಸಿ ಎರಡು ತಟ್ಟೆ ಹಾಕಿದ. ಮೊದಲ ತುತ್ತು ಮುರಿಯುವಾಗ ಯಾರೋ ಬಾಗಿಲು ಬಡಿದರು.

"ಟ್ರಕ್ ಇದೆಯಾ?"

"ಇದೆ," ಎಂದು ಕುಳಿತಲ್ಲಿಂದಲೇ ಕೂಗಿದ ಅಜುಬುಯಿಕೆ. "ಊಟಕ್ಕೆ ಕೂತಿದೆ. ಆಮೇಲೆ ಬನ್ನಿ."